ಅಂಚೆಯ ಪಾಠ, ಪರದೆಯ ಪಾಠ: ನಡುವೆ ನಿಂತ ಅಧ್ಯಾಪಕರು

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯು.ಜಿ.ಸಿ.) 2021ರ ಮೇ ತಿಂಗಳಲ್ಲಿ ಒಂದು ಕರಡು ಟಿಪ್ಪಣಿಯನ್ನು ಹೊರಡಿಸಿತು. ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಒಂದು ವಿಷಯದ ಶೇಕಡಾ 40ರಷ್ಟನ್ನು ಅಂತರ್ಜಾಲದ ಮೂಲಕವೂ ಉಳಿದ ಶೇಕಡಾ 60ನ್ನು ತರಗತಿಯಲ್ಲಿಯೂ ಕಲಿಸಬಹುದು ಎಂಬುದು ಅದರ ತಿರುಳು. ಈ ಪದ್ಧತಿಗೆ 'ಮಿಶ್ರ ಕಲಿಕೆ' ಎಂದು ಹೆಸರು. ಟಿಪ್ಪಣಿ ಹೊರಬಂದೊಡನೆ ಅಧ್ಯಾಪಕರ ಸಂಘಟನೆಗಳು ವಿರೋಧಿಸಿದವು. ಪತ್ರಿಕೆಗಳಲ್ಲಿ ಪರ-ವಿರೋಧದ ಚರ್ಚೆ ನಡೆಯಿತು. ಅದನ್ನು ಓದುತ್ತಿದ್ದಾಗ ಇದೆಲ್ಲ ನನಗೆ ಮೊದಲೇ ಪರಿಚಯವಿದ್ದ ಸಂಗತಿ ಎನಿಸಿತು. ಯಂತ್ರ ಹೊಸತಿರಬಹುದು, ಅದರ ಸುತ್ತಲಿನ ಮಾತು ಹಳೆಯದು.

ನಾನು ಶಿಕ್ಷಣತಜ್ಞನಲ್ಲ, ಬ್ಯಾಂಕೊಂದರ ಗುಮಾಸ್ತ. ಆದರೆ ನನ್ನ ಬಿ.ಎ. ಪದವಿ ಅಂಚೆಯಲ್ಲಿ ಬಂದ ಪಾಠಗಳಿಂದ ಆದದ್ದು. ಆದುದರಿಂದ ಈ ವಿಷಯದ ಚರಿತ್ರೆಯನ್ನು ವಿದ್ಯಾರ್ಥಿಯ ಬದಿಯಿಂದ ನೋಡುವ ಅಧಿಕಾರ ನನಗೆ ಸ್ವಲ್ಪವಾದರೂ ಇದೆ ಎಂದುಕೊಂಡಿದ್ದೇನೆ. ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳಿಗೆ ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಅದು ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯಲು ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಪರೀಕ್ಷೆ ಮಾತ್ರ ನಡೆಸಿದ ಕಾಲ

ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿ, ಕಾಲೇಜಿಗೆ ಬಾರದವರಿಗೂ ತನ್ನ ಪದವಿ ಪರೀಕ್ಷೆಯನ್ನು ತೆರೆದಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1857ರಲ್ಲಿ, ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸುಗಳಲ್ಲಿ ಸ್ಥಾಪನೆಯಾದ ನಮ್ಮ ಮೂರು ವಿಶ್ವವಿದ್ಯಾನಿಲಯಗಳೂ ಲಂಡನಿನ ಮಾದರಿಯವೇ. ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದು. ಪಾಠ ಹೇಳುವುದು ಸಂಯೋಜಿತ ಕಾಲೇಜುಗಳ ಪಾಲಿಗೆ. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೂ ಇದೇ ವ್ಯವಸ್ಥೆ. ಹೀಗೆ ಕಲಿಸುವವರೊಬ್ಬರು, ಅಳೆಯುವವರು ಇನ್ನೊಬ್ಬರು ಎಂಬ ಭೇದ ನಮ್ಮ ಉನ್ನತ ಶಿಕ್ಷಣದ ಬುಡದಲ್ಲೇ ಇತ್ತು. ವಿದ್ಯಾರ್ಥಿ ಎದುರಿಗಿಲ್ಲದಿದ್ದರೂ ಅವನಿಗೆ ಕಲಿಸುವ ಹೊಣೆ ವಿಶ್ವವಿದ್ಯಾನಿಲಯದ ಅಧ್ಯಾಪಕನದೇ ಎಂಬ ವಿಚಾರ ಬಲಗೊಂಡದ್ದು ಸ್ವಾತಂತ್ರ್ಯಾನಂತರ.

ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣ ಶಾಲೆಯನ್ನು ಆರಂಭಿಸಿತು. ಕಾಲೇಜುಗಳಲ್ಲಿ ಸ್ಥಳವಿಲ್ಲ, ಕಲಿಯಬೇಕೆನ್ನುವವರ ಸಂಖ್ಯೆ ಏರುತ್ತಿದೆ, ಸರಕಾರದಲ್ಲಿ ಹಣವಿಲ್ಲ. ಇವು ಮೂರು ಕಾರಣಗಳು. ಮುಂದೆ 1964–66ರ ಕೊಠಾರಿ ಆಯೋಗ ಇನ್ನೂ ಒಂದು ಹೆಜ್ಜೆ ಮುಂದುವರಿದು, 1986ರ ಹೊತ್ತಿಗೆ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಪಾಲಾದರೂ ಅಂಚೆ ಶಿಕ್ಷಣ ಮತ್ತು ಸಂಜೆ ಕಾಲೇಜುಗಳಲ್ಲಿ ಕಲಿಯುವಂತಾಗಬೇಕೆಂದಿತು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯ 1968ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಈ ದಾರಿ ಹಿಡಿದವು. ಕೇರಳ ವಿಶ್ವವಿದ್ಯಾನಿಲಯದಲ್ಲಿ 1976ರಲ್ಲಿ, ಕಲ್ಲಿಕೋಟೆಯಲ್ಲಿ 1981ರಲ್ಲಿ ಇಂಥ ವಿಭಾಗಗಳು ಬಂದವು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂಚೆ ಶಿಕ್ಷಣ ಬರೇ ಅಂಚೆಯ ಶಿಕ್ಷಣವಾಗಿರಲಿಲ್ಲ. ಅಚ್ಚಾದ ಪಾಠಗಳು, ವಿದ್ಯಾರ್ಥಿ ಬರೆದು ಕಳುಹಿಸಬೇಕಾದ ಉತ್ತರಗಳು, ರಜಾದಿನಗಳಲ್ಲಿ ಮುಖಾಮುಖಿಯಾಗಿ ನಡೆಯುವ ಸಂಪರ್ಕ ತರಗತಿಗಳು, ಈ ಮೂರೂ ಸೇರಿದರೇ ಅದು ಪೂರ್ಣ. ಎಂದರೆ ದೂರದ ಪಾಠ ಮತ್ತು ಎದುರಿನ ಪಾಠಗಳ ಮಿಶ್ರಣ ಅಂದೇ ಇತ್ತು. ಇಂದಿನ ಮಿಶ್ರ ಕಲಿಕೆಯ ಹಿರಿಯಣ್ಣ ಅದುವೇ.

ಎರಡನೆಯ ದರ್ಜೆಯ ಕೆಲಸ

ಯೋಜನೆ ಹೀಗಿದ್ದರೂ ಆಚರಣೆ ಬೇರೆಯಾಯಿತು. ಎಷ್ಟೋ ಕಡೆ ವಿಶ್ವವಿದ್ಯಾನಿಲಯದ ವಿಭಾಗಗಳ ಅಧ್ಯಾಪಕರಿಗೆ ಅಂಚೆ ಪಾಠವೆಂದರೆ ಸಂಭಾವನೆಗಾಗಿ ಬಿಡುವಿನಲ್ಲಿ ಬರೆದುಕೊಡುವ ಕೆಲಸ. ಬಡ್ತಿಗಾಗಲಿ ವಿದ್ವತ್ತಿನ ಹೆಸರಿಗಾಗಲಿ ಅದು ಲೆಕ್ಕಕ್ಕಿಲ್ಲ. ಆಡಳಿತಕ್ಕೆ ಅದು ಶುಲ್ಕ ತರುವ ವಿಭಾಗ. ಆ ಹಣದಿಂದ ವಿಶ್ವವಿದ್ಯಾನಿಲಯದ ಬೇರೆ ಖರ್ಚುಗಳು ನಡೆಯುತ್ತಿದ್ದವು. ಅಲ್ಲಿಯ ವಿದ್ಯಾರ್ಥಿಗಳು ರೆಗ್ಯುಲರ್‌ಗಳಲ್ಲ ಎಂಬ ಭಾವನೆ ಅಧ್ಯಾಪಕರಲ್ಲೂ ಇತ್ತು, ಸಮಾಜದಲ್ಲೂ ಇತ್ತು.

ನಾನು 1998ರಲ್ಲಿ ಇಂಥದೊಂದು ವಿಭಾಗಕ್ಕೆ ಸೇರಿದೆ. ಯಾವ ವಿಶ್ವವಿದ್ಯಾನಿಲಯ ಎಂಬುದು ಇಲ್ಲಿ ಮುಖ್ಯವಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಅಂಚೆಯಣ್ಣ ಪಾಠಗಳ ಕಟ್ಟನ್ನು ತಂದು ಜಗಲಿಯಲ್ಲಿಟ್ಟ. ಪಾಠಗಳು ಕನ್ನಡದಲ್ಲಿದ್ದವು. ಮಲಯಾಳದ ನೋಟೀಸುಗಳನ್ನು ಬೇರೆಯವರಿಂದ ಓದಿಸಿಕೊಂಡೇ ಬೆಳೆದ ನನಗೆ, ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ನನ್ನದೇ ಭಾಷೆಯಲ್ಲಿ ಪದವಿಯ ಮಟ್ಟದಲ್ಲಿ ಓದುವುದೆಂದರೆ ಅದೊಂದು ದೊಡ್ಡ ಮರ್ಯಾದೆಯಂತೆ ಕಂಡಿತು. ನಾನು ಬರೆದು ಕಳುಹಿಸಿದ ಉತ್ತರಗಳು ಮಾತ್ರ ಮೊದಲ ವರ್ಷ ಕೆಂಪು ಶಾಯಿಯ ಒಂದು ಗೆರೆ ಮತ್ತು ಅಂಕದೊಂದಿಗೆ ಮರಳಿದವು. ಒಳಗೆ ಒಂದು ಅಕ್ಷರವೂ ಇಲ್ಲ.

ಸಂಪರ್ಕ ತರಗತಿಯಲ್ಲಿ ಇಬ್ಬರು ಅಧ್ಯಾಪಕರ ನೆನಪು ಈಗಲೂ ಇದೆ. ಒಬ್ಬರು ನಮಗೆ ಆಗಲೇ ಬಂದಿದ್ದ ಅಚ್ಚಿನ ಪಾಠವನ್ನೇ ಕುರ್ಚಿಯಲ್ಲಿ ಕುಳಿತು ಓದಿ ಹೇಳಿದರು. ಯಾರೋ ಒಂದು ಸಂಶಯ ಕೇಳಿದಾಗ, "ನಿಮಗೆ ಅಷ್ಟೆಲ್ಲ ಬೇಡ, ಪಾಸಾದರೆ ಸಾಕಲ್ಲ" ಎಂದರು. ಇನ್ನೊಬ್ಬರು ಒಳಗೆ ಬಂದವರೇ, "ಪಾಠ ಮನೆಯಲ್ಲಿ ಓದಿದ್ದೀರಿ. ಎಲ್ಲಿ ಸಿಕ್ಕಿಬಿದ್ದಿರಿ ಹೇಳಿ, ಅಲ್ಲಿಂದ ಹೊರಡುವ" ಎಂದರು. ನಮ್ಮಲ್ಲಿ ಅಂಗಡಿಯಲ್ಲಿ ದುಡಿಯುವವರಿದ್ದರು, ಬೀಡಿ ಕಟ್ಟುವವರಿದ್ದರು, ಮಗುವನ್ನು ತವರಿನಲ್ಲಿ ಬಿಟ್ಟು ಬಂದ ತಾಯಂದಿರಿದ್ದರು. ಬೇಡಿಕೆ-ಪೂರೈಕೆಯ ನಿಯಮವನ್ನು ಅವರು ಬೀಡಿಯ ಮಜೂರಿಯಿಂದಲೇ ಆರಂಭಿಸಿದರು. ಆ ಹತ್ತು ದಿನಗಳಲ್ಲಿ ಕಲಿತದ್ದು ನನಗೆ ಇಂದಿಗೂ ಮರೆತಿಲ್ಲ.

ಪುಸ್ತಕ ಒಂದೇ, ಕೊಠಡಿ ಒಂದೇ, ವಿದ್ಯಾರ್ಥಿಗಳು ಅವರೇ. ವ್ಯತ್ಯಾಸ ಇದ್ದದ್ದು ಅಧ್ಯಾಪಕರ ಮನಸ್ಸಿನಲ್ಲಿ. ಮೊದಲನೆಯವರು ಪರದೇಶದವರೂ ಅಲ್ಲ, ದುಷ್ಟರೂ ಅಲ್ಲ. ದೂರದ ವಿದ್ಯಾರ್ಥಿಗೆ ಕಲಿಸುವುದೂ ಒಂದು ವಿದ್ಯೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಕಲಿಸುವ ರೀತಿಯೇ ಬದಲಾದದ್ದು

ಅದನ್ನು ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದವರು ಪ್ರಮುಖರು. 1969ರಲ್ಲಿ ಸನದು ಪಡೆದ ಆ ಸಂಸ್ಥೆ 1971ರಲ್ಲಿ ಸುಮಾರು 24,000 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭಿಸಿತು. ಅಲ್ಲಿ ಒಂದು ವಿಷಯದ ಪಾಠವನ್ನು ಒಬ್ಬನೇ ಪ್ರಾಧ್ಯಾಪಕ ಬರೆಯುವುದಿಲ್ಲ. ವಿಷಯ ತಜ್ಞರು, ಸಂಪಾದಕರು, ಬಿ.ಬಿ.ಸಿ.ಯ ನಿರ್ಮಾಪಕರು ಒಂದು ತಂಡವಾಗಿ ಕೂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ ಸಿದ್ಧಪಡಿಸುತ್ತಿದ್ದರು. ವಿದ್ಯಾರ್ಥಿಯ ಉತ್ತರಗಳನ್ನು ತಿದ್ದಿ ಟಿಪ್ಪಣಿ ಬರೆಯುವುದಕ್ಕೆ ಊರೂರಿನಲ್ಲಿ ಬೇರೆ ಬೋಧಕರು. ಬೇಸಿಗೆಯಲ್ಲಿ ಒಂದು ವಾರದ ವಸತಿ ಶಾಲೆ ಇರುತ್ತಿತ್ತು. ತನ್ನ ತರಗತಿಯ ಬಾಗಿಲು ಮುಚ್ಚಿ ತನಗೆ ತೋಚಿದಂತೆ ಪಾಠ ಮಾಡಿ ಅಭ್ಯಾಸವಿದ್ದ ಅಧ್ಯಾಪಕನಿಗೆ, ತನ್ನ ಪಾಠ ಸಹೋದ್ಯೋಗಿಗಳ ಕಣ್ಣಿಗೆ ಬೀಳುವುದು ಸುಲಭದ ಮಾತಾಗಿರಲಿಲ್ಲ. ದೂರ ಎಂಬುದು ಮೈಲುಗಳ ಲೆಕ್ಕವಲ್ಲ, ಕಲಿಸುವವನಿಗೂ ಕಲಿಯುವವನಿಗೂ ನಡುವೆ ಸಂವಾದ ಎಷ್ಟಿದೆ ಎಂಬುದರ ಲೆಕ್ಕ ಎಂದು ಅಮೆರಿಕದ ವಿದ್ವಾಂಸ ಮೈಕೆಲ್ ಮೂರ್ ವಾದಿಸಿದ್ದೂ 1970ರ ದಶಕದಲ್ಲಿಯೇ.

ಈ ಮಾದರಿ ನಮ್ಮಲ್ಲಿಗೂ ಬಂತು. 1982ರಲ್ಲಿ ಹೈದರಾಬಾದಿನಲ್ಲಿ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾನಿಲಯ, 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಎರಡಕ್ಕೂ ಮೊದಲ ಕುಲಪತಿ ಪ್ರೊ. ಜಿ. ರಾಮರೆಡ್ಡಿ. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾಠದ ಪುಸ್ತಕಗಳು ವಿದ್ಯಾರ್ಥಿಯನ್ನು ನೇರವಾಗಿ "ನೀವು" ಎಂದು ಕರೆದು ಮಾತಾಡತೊಡಗಿದವು; ಪಾಠದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳತೊಡಗಿದವು. ಆದರೆ ಭಾನುವಾರದ ಅಧ್ಯಯನ ಕೇಂದ್ರದಲ್ಲಿ ಪಾಠ ಮಾಡುವವರು ವಾರದ ಉಳಿದ ದಿನ ಮಾಮೂಲು ಕಾಲೇಜಿನಲ್ಲಿರುವ ಅಧ್ಯಾಪಕರೇ. ಅವರಲ್ಲಿ ಕೆಲವರು ಭಾನುವಾರದ ರೀತಿಯನ್ನು ಸೋಮವಾರಕ್ಕೂ ಒಯ್ದರು. ಹಲವರು ಸೋಮವಾರದ ಭಾಷಣವನ್ನೇ ಭಾನುವಾರಕ್ಕೆ ತಂದರು.

ದೂರದರ್ಶನದ ಕಥೆಯೂ ಹೀಗೆಯೇ. ಯು.ಜಿ.ಸಿ.ಯ ಕಾರ್ಯಕ್ರಮಗಳು 1984ರ ಅಗಸ್ಟ್ 15ರಿಂದ ದೇಶದಾದ್ಯಂತ ಪ್ರಸಾರವಾದವು. ಚೆನ್ನಾಗಿ ತಯಾರಿಸಿದ ಕಾರ್ಯಕ್ರಮಗಳೇ ಅವು. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ; ಉದ್ದೇಶ ಜ್ಞಾನವಿಸ್ತಾರವೇ ಹೊರತು ಪಠ್ಯಕ್ರಮವಲ್ಲ. ಪರೀಕ್ಷೆಗೆ ಬಾರದ್ದನ್ನು ತೋರಿಸಲು ಅಧ್ಯಾಪಕನಿಗೆ ಅವಸರವಿಲ್ಲ, ನೋಡಲು ವಿದ್ಯಾರ್ಥಿಗೆ ಆಸಕ್ತಿಯಿಲ್ಲ. ಈ ತಪ್ಪಿನಿಂದ ಪಾಠ ಕಲಿತಂತೆ, 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ತನ್ನ ಪಠ್ಯಕ್ರಮದ ಪಾಠಗಳನ್ನೇ ಕಾಲೇಜುಗಳಿಗೆ ಪ್ರಸಾರ ಮಾಡಿತು. ಅದಕ್ಕೂ ಮೊದಲು, 2003ರಲ್ಲಿ, ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್.ಪಿ.ಟಿ.ಇ.ಎಲ್. ಯೋಜನೆ ಆರಂಭಿಸಿದ್ದವು. 2017ರ ಜುಲೈಯಲ್ಲಿ 'ಸ್ವಯಂ' ವೇದಿಕೆ ಬಂತು. ಅಲ್ಲಿ ಕಲಿತ ವಿಷಯಗಳಿಗೆ ಪದವಿಯಲ್ಲಿ ಶೇಕಡಾ 20ರಷ್ಟು ಕ್ರೆಡಿಟ್ ಕೊಡಬಹುದೆಂದು ಯು.ಜಿ.ಸಿ. 2016ರಲ್ಲಿ ನಿಯಮ ಮಾಡಿತ್ತು. 2021ರಲ್ಲಿ ಅದನ್ನು ಶೇಕಡಾ 40ಕ್ಕೆ ಏರಿಸಿತು.

2020: ಆಯ್ಕೆಯಿಲ್ಲದ ಬದಲಾವಣೆ

ಅಲ್ಲಿಯವರೆಗೆ ಹೊಸ ಉಪಕರಣವನ್ನು ಒಪ್ಪುವುದೂ ಬಿಡುವುದೂ ಅಧ್ಯಾಪಕರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿದಾಗ ಆ ಆಯ್ಕೆ ಉಳಿಯಲಿಲ್ಲ. ನಮ್ಮ ಗಡಿಯಲ್ಲಂತೂ ತಲಪಾಡಿಯ ರಸ್ತೆ ಮುಚ್ಚಿತು, ಒಳದಾರಿಗಳಿಗೆ ಮಣ್ಣಿನ ರಾಶಿ ಬಿತ್ತು. ದಿನಾ ಮಂಗಳೂರಿಗೆ ಹೋಗಿ ಕಲಿಯುತ್ತಿದ್ದ ನಮ್ಮ ಮಕ್ಕಳು ಮನೆಯಲ್ಲಿ ಕುಳಿತರು. 2021ರಲ್ಲಿ ಕಾಲೇಜು ತೆರೆದಾಗಲೂ ಗಡಿ ದಾಟಲು ಕೊರೋನಾ ನೆಗೆಟಿವ್ ಸರ್ಟಿಫಿಕೇಟು ಕೈಯಲ್ಲಿ ಬೇಕಾಯಿತು. ಆ ದಿನಗಳಲ್ಲಿ ಮಣ್ಣಿನ ರಾಶಿಯನ್ನು ದಾಟಿ ಬಂದದ್ದು ಫೋನಿನ ಪಾಠ ಒಂದೇ ಎಂಬುದನ್ನು ನಾವು ಮರೆಯಬಾರದು.

ಹಾಗೆಂದು ಅದು ಎಲ್ಲರ ಮನೆಗೂ ಬರಲಿಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಅಂತರ್ಜಾಲ ಸೌಲಭ್ಯವಿದ್ದ ಮನೆಗಳು ಪಟ್ಟಣಗಳಲ್ಲಿ ಶೇಕಡಾ 42, ಹಳ್ಳಿಗಳಲ್ಲಿ ಶೇಕಡಾ 15ರಷ್ಟು ಮಾತ್ರ. ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ ನಾಲ್ಕೈದು ಮನೆಗಳಲ್ಲಿ. ನಮ್ಮ ನೆರೆಯ ಹುಡುಗನೊಬ್ಬ ಸಿಗ್ನಲ್ ಸಿಗಲೆಂದು ಗೇರುಗುಡ್ಡೆ ಹತ್ತಿ, ಮಳೆಗಾಲದಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಅಧ್ಯಾಪಕರು ಏನು ಮಾಡಿದರು? ಇಲ್ಲಿಯೂ ಹಳೆಯ ಇಬ್ಬರೂ ಕಾಣಿಸಿಕೊಂಡರು. ಒಬ್ಬರು ಒಂದು ಗಂಟೆಯ ಭಾಷಣವನ್ನು ಹಾಗೆಯೇ ಪರದೆಯ ಮೇಲೆ ಮಾಡಿ, ಹಾಜರಿ ಹಾಕಿ ಮುಗಿಸಿದರು. ಇನ್ನೊಬ್ಬರು ಪಾಠವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಧ್ವನಿಮುದ್ರಿಸಿ ಮೊದಲೇ ಕಳುಹಿಸಿ, ಸೇರುವ ಸಮಯವನ್ನು ಪ್ರಶ್ನೆಗಳಿಗಾಗಿ ಇಟ್ಟುಕೊಂಡರು. ಬಾರದವರಿಗೆ ಸಂಜೆ ಫೋನು ಮಾಡಿದರು. "ಪಾಠ ಓದಿದ್ದೀರಿ, ಎಲ್ಲಿ ಸಿಕ್ಕಿಬಿದ್ದಿರಿ?" ಎಂದು ಕೇಳಿದ ನನ್ನ ಅಧ್ಯಾಪಕರ ಕ್ರಮವೇ ಇದು. ಮಿಶ್ರ ಕಲಿಕೆಯ ಪಂಡಿತರು ಈಗ ಇದನ್ನೇ ಉತ್ತಮ ಪದ್ಧತಿ ಎನ್ನುತ್ತಾರೆ.

ವಿರೋಧವನ್ನು ತಿಳಿಯುವ ಬಗೆ

2021ರ ಟಿಪ್ಪಣಿಯನ್ನು ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರ ಸಂಘ ಮೊದಲಾದವು ವಿರೋಧಿಸಿದಾಗ, ಮಾಸ್ಟ್ರುಗಳಿಗೆ ಹೊಸತು ಕಲಿಯಲು ಸೋಮಾರಿತನ ಎಂದವರಿದ್ದರು. ಈ ಮಾತನ್ನು ನಾನು ಒಪ್ಪಲಾರೆ. ಕಾರಣ, ನನ್ನ ಉದ್ಯೋಗದಲ್ಲೇ ಇದನ್ನು ಅನುಭವಿಸಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಖೆ ಲೆಡ್ಜರಿನಿಂದ ಕಂಪ್ಯೂಟರಿಗೆ ಬದಲಾಯಿತು. ಕೆಲವು ತಿಂಗಳು ಎರಡೂ ನಡೆಯಬೇಕು: ಹಗಲು ಲೆಡ್ಜರ್ ಬರೆಯುವುದು, ಸಂಜೆ ಅದನ್ನೇ ಕಂಪ್ಯೂಟರಿಗೆ ಹಾಕುವುದು, ರಾತ್ರಿ ಎರಡನ್ನೂ ತಾಳೆ ನೋಡುವುದು. ಗೊಣಗದವರೇ ಇಲ್ಲ. ನಾವು ಬೇಡವೆಂದದ್ದು ಕಂಪ್ಯೂಟರನ್ನಲ್ಲ. ಜನ ಕೊಡದೆ, ಸಮಯ ಕೊಡದೆ ಕೆಲಸ ಮಾತ್ರ ಇಮ್ಮಡಿ ಮಾಡಿದ್ದನ್ನು.

ಅಧ್ಯಾಪಕರ ಆಕ್ಷೇಪದಲ್ಲೂ ಇದೇ ಸಾರ. ಅಂತರ್ಜಾಲದ ಪಾಠ ತಯಾರಿಸುವ ಗಂಟೆಗಳು ಕೆಲಸದ ಲೆಕ್ಕಕ್ಕೆ ಬರುತ್ತವೆಯೇ? ಶೇಕಡಾ 40 ಪಾಠ ಪರದೆಗೆ ಹೋದರೆ ಅಷ್ಟು ಹುದ್ದೆಗಳು ಕಡಿಮೆಯಾಗಲಾರವೇ? ಫೋನಿಲ್ಲದ ಮಗುವಿನ ಗತಿ ಏನು? ಇವು ಸೋಮಾರಿಗಳ ಪ್ರಶ್ನೆಗಳಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವರದಿಯೊಂದನ್ನು ಮಿಶ್ರ ಕಲಿಕೆಯ ಪರವಾದವರು ಮತ್ತೆ ಮತ್ತೆ ಉದ್ಧರಿಸುತ್ತಾರೆ. ಬರೇ ತರಗತಿಯ ಪಾಠಕ್ಕಿಂತ ಮಿಶ್ರ ಪದ್ಧತಿಯಲ್ಲಿ ಕಲಿತವರ ಸಾಧನೆ ಮೇಲಿತ್ತು ಎಂದು ಅದು ಹೇಳಿದ್ದು ನಿಜ. ಆದರೆ ಅಂಥ ತರಗತಿಗಳಲ್ಲಿ ಹೆಚ್ಚಿನ ಕಲಿಕೆಯ ಸಮಯ, ಹೆಚ್ಚಿನ ಸಾಮಗ್ರಿ ಸೇರಿಕೊಂಡಿದ್ದುದರಿಂದ ಫಲವನ್ನು ಮಾಧ್ಯಮದ ಲೆಕ್ಕಕ್ಕೆ ಹಾಕಬಾರದೆಂದು ಅದೇ ವರದಿ ಎಚ್ಚರಿಸಿದೆ. ಎಂದರೆ ಮಿಶ್ರ ಕಲಿಕೆಗೆ ಅಧ್ಯಾಪಕರ ಸಮಯ ಹೆಚ್ಚು ಬೇಕು, ಕಡಿಮೆಯಲ್ಲ. ಖರ್ಚು ಉಳಿಸಲು ಅದನ್ನು ತಂದರೆ ಅಂಚೆ ಶಿಕ್ಷಣದ ಕೆಂಪು ಗೆರೆಯೇ ಪರದೆಯ ಮೇಲೆ ಪುನಃ ಬರುತ್ತದೆ.

ನಮ್ಮ ಬೆಂಚು, ನಮ್ಮ ಭಾಷೆ

ಇನ್ನು ನಮ್ಮ ಮನೆಯ ಮಾತು. ನನ್ನ ಅಕ್ಕನ ಮಗಳು ಆಗ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪದವಿ ಓದುತ್ತಿದ್ದಳು. ಪಠ್ಯ ಇಂಗ್ಲಿಷಿನಲ್ಲಿ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಅವಳು ಕನ್ನಡ ಮಾಧ್ಯಮದಿಂದ ಹೋದವಳು. ಒಂದು ದಿನ ಫೋನನ್ನು ಕವುಚಿ ಹಾಕಿ ಹೇಳಿದಳು: "ಮಾವಾ, ಕ್ಲಾಸಿನಲ್ಲಾದರೆ ಅರ್ಥ ಆಗದ್ದನ್ನು ಪಕ್ಕದಲ್ಲಿ ಕೂತವಳು ಮೆಲ್ಲ ಹೇಳಿಕೊಡುತ್ತಿದ್ದಳು. ಇದರಲ್ಲಿ ಯಾರಲ್ಲಿ ಕೇಳುವುದು?" ಆ ಪಕ್ಕದವಳು ಮಲಯಾಳಿ ಹುಡುಗಿ, ಇವಳೂ ಅವಳೂ ಒಂದೇ ಬೆಂಚು. ಕಾಸರಗೋಡಿನ ಕಾಲೇಜುಗಳಲ್ಲಿ ಎಷ್ಟೋ ಕನ್ನಡ ಮಕ್ಕಳು ದಾಟಿ ಬಂದದ್ದು ಆ ಬೆಂಚಿನ ಗೆಳೆತನದಿಂದ. ಯಾವ ಟಿಪ್ಪಣಿಯಲ್ಲೂ ಶೇಕಡಾವಾರು ಲೆಕ್ಕಕ್ಕೆ ಸಿಗದ ಪಾಠ ಅದು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅವಳ ಅಧ್ಯಾಪಕಿಯೊಬ್ಬರು, ಅವರೂ ಮಲಯಾಳಿಯೇ, ಈ ತೊಂದರೆಯನ್ನು ತಿಳಿದು ತಮ್ಮ ಪಾಠದ ಧ್ವನಿಮುದ್ರಣವನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾಡತೊಡಗಿದರು. ಕನ್ನಡದ ಮಕ್ಕಳು ಮೂರು ಸಲ ತಿರುಗಿಸಿ ಕೇಳಿ ಅರ್ಥ ಮಾಡಿಕೊಂಡರು. ತರಗತಿಯಲ್ಲಿ ಒಮ್ಮೆ ಹೇಳಿದ್ದು ಹೋಯಿತು. ಮುದ್ರಣವನ್ನು ಮತ್ತೆ ಕೇಳಬಹುದು. ಎನ್.ಪಿ.ಟಿ.ಇ.ಎಲ್.ನ ಪಾಠಗಳ ಬರಹರೂಪ ಕನ್ನಡವೂ ಮಲಯಾಳವೂ ಸೇರಿ ಹಲವು ಭಾಷೆಗಳಿಗೆ ಅನುವಾದವಾಗುತ್ತಿದೆ. ಒಬ್ಬ ಅಧ್ಯಾಪಕ ಮನಸ್ಸು ಮಾಡಿ, "ಈ ಭಾಗವನ್ನು ನೀನು ಕನ್ನಡದಲ್ಲಿ ಓದಿ ಬಾ" ಎಂದು ಹೇಳುವಷ್ಟೇ ಬಾಕಿ.

ಗಡಿಯ ನಿಯಮವನ್ನೂ ತಿಳಿದಿರಬೇಕು. ರಾಜ್ಯದ ವಿಶ್ವವಿದ್ಯಾನಿಲಯಗಳು ತಮ್ಮ ವ್ಯಾಪ್ತಿಯ ಹೊರಗೆ ದೂರಶಿಕ್ಷಣದ ಕೇಂದ್ರ ನಡೆಸುವಂತಿಲ್ಲ ಎಂದು ಯು.ಜಿ.ಸಿ. 2013ರಲ್ಲಿ ಬಿಗಿ ಮಾಡಿತು. ನಿಯಮ ಮೀರಿದ ಕಾರಣಕ್ಕಾಗಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ಅನಂತರ ಮಾನ್ಯತೆ ಇಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದವರು ವಿದ್ಯಾರ್ಥಿಗಳು. ಕೇರಳದಲ್ಲಿ 2020ರ ಅಕ್ಟೋಬರ್ 2ರಂದು ಕೊಲ್ಲಂನಲ್ಲಿ ಶ್ರೀನಾರಾಯಣ ಗುರು ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಯು.ಜಿ.ಸಿ.ಯ 2020ರ ನಿಯಮಗಳು ಪೂರ್ಣ ಅಂತರ್ಜಾಲದ ಪದವಿಗಳಿಗೆ ಮಾತ್ರ ರಾಜ್ಯದ ಎಲ್ಲೆಯನ್ನು ಹಾಕಿಲ್ಲ. ಅಂಚೆಯ ಕಟ್ಟಿಗೆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಒಂದು ಕಿಟಿಕಿ ತೆರೆದಿದೆ ಎಂದರ್ಥ. ಸೇರುವ ಮೊದಲು ಆ ಪದವಿಗೆ ಆ ವರ್ಷದ ಅನುಮತಿ ಇದೆಯೇ ಎಂದು ಯು.ಜಿ.ಸಿ.ಯ ಪಟ್ಟಿಯಲ್ಲಿ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯ.

ಕಾಲೇಜಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳೂ ಇವೆ. ಇಲ್ಲಿ ಪರದೆಯಲ್ಲಿ ಎಷ್ಟು ಪಾಠ ನಡೆಯುತ್ತದೆ ಎಂದು ಕೇಳಿದರೆ ಸಾಲದು. ಮಗುವಿನ ಉತ್ತರವನ್ನು ಯಾರು ಓದುತ್ತಾರೆ, ಅದರ ಮೇಲೆ ಏನಾದರೂ ಬರೆಯುತ್ತಾರೆಯೇ, ಎದುರಿಗೆ ಸೇರಿದಾಗ ಪ್ರಶ್ನೆಗೆ ಸಮಯವಿದೆಯೇ, ಕನ್ನಡದ ಮಗುವಿಗೆ ಕನ್ನಡದಲ್ಲಿ ಓದಲು ಏನನ್ನು ಕೊಡುತ್ತಾರೆ ಎಂದೂ ಕೇಳಬೇಕು. ಅಧ್ಯಾಪಕರಿಗೆ ಇದಕ್ಕೆ ಬೇಕಾದ ಸಮಯವನ್ನು ಕೊಡಿರೆಂದು ಅವರ ಪರವಾಗಿಯೂ ನಾವು ಮಾತಾಡಬೇಕು.

ನನ್ನ ಮೂರನೆಯ ವರ್ಷದ ಉತ್ತರಗಳಲ್ಲಿ ಒಂದು ಮಾತ್ರ ಬೇರೆ ರೀತಿಯಲ್ಲಿ ಮರಳಿತ್ತು. ಅಂಚಿನಲ್ಲಿ ಯಾರೋ ಸಣ್ಣ ಅಕ್ಷರಗಳಲ್ಲಿ, "ಇಲ್ಲಿ ನಿಮ್ಮ ಊರಿನ ಉದಾಹರಣೆ ಕೊಡಿ, ಚೆನ್ನಾಗಿರುತ್ತದೆ" ಎಂದು ಬರೆದಿದ್ದರು. ಸಹಿ ಇರಲಿಲ್ಲ. ಆ ಅಧ್ಯಾಪಕರನ್ನು ನಾನು ಕಂಡಿಲ್ಲ. ಆ ಹಾಳೆ ಈಗಲೂ ನನ್ನ ಪದವಿ ಸರ್ಟಿಫಿಕೇಟಿನ ಜೊತೆಗಿದೆ.